ಪಿಸಿಎಲ್ ನೂಲಿನಾಗ ಮಣಿ ಯಾಕ, ಜೀವಕೋಶ ಒಳಗ ಯಾಕ ಇಳೀವಲ್ಲವು?

ನಮಸ್ಕಾರ್ರಿ. ಬೆಳಗಾವಿ ಮಳಿಗಾಲದಾಗ ಕ್ಲೋರೋಫಾರ್ಮ್‌ನಾಗ ಶೇ. 8 ಪಿಸಿಎಲ್ (ಪಾಲಿಕ್ಯಾಪ್ರೊಲ್ಯಾಕ್ಟೋನ್, ಮೈಯೊಳಗ ನಿಧಾನಕ್ಕ ಕರಗಿಹೋಗೂ ಪಾಲಿಮರ್) ಕರಗಿಸಿ, ಮೂಳೆಕೋಶ ಬೆಳಸೂ ಹಾಸಿಗಾಗಿ ಎಲೆಕ್ಟ್ರೋಸ್ಪಿನ್ನಿಂಗ್ (ಹೆಚ್ಚು ವೋಲ್ಟೇಜ್ ಕೊಟ್ಟು ದ್ರಾವಣಾನ ಸೂಜಿಯಿಂದ ಸಣ್ಣ ನೂಲಾಗಿ ಎಳಿಯೂದು) ಮಾಡಿದ್ರ ನೂಲಿಗೆ ಮಣಿ ಪೋಣಿಸಿದಂಗ ಬರತೈತಿ, ಮೂಳೆಕೋಶ ಮ್ಯಾಲಷ್ಟ ಕುಂದರತಾವ ಅಂದೀರಿ.

ಮಣಿಗೆ ಕಾರಣ ಬಹಳ ಮಾಡಿ ತೆಳು ದ್ರಾವಣ. ಪಾಲಿಮರ್ ಸರಪಳಿ ಒಂದಕ್ಕೊಂದು ಹೆಣಕೊಳ್ಳದಿದ್ರ ಮೇಲ್ಮೈ ಎಳೆತ ಧಾರೆನ್ನ ಹನಿ ಮಾಡತೈತಿ. ಅಣುತೂಕ 80,000 ಆಸುಪಾಸಿಂದಾದ್ರ ಶೇ. 10-12ಕ್ಕ ಏರಿಸ್ರಿ, ಕ್ಲೋರೋಫಾರ್ಮ್ ಮೂರು ಪಾಲಿಗೆ ಮೆಥನಾಲ್ ಒಂದು ಪಾಲು ಬೆರಸ್ರಿ. ವೋಲ್ಟೇಜ್ ಒಂದನ್ನ ಏರಿಸ್ಕೋತ ಹೋಗಬ್ಯಾಡ್ರಿ, ನಾನೂ ಹಂಗ ಮಾಡಿ ಕೆಟ್ಟಾಂವ. ನೂಲಿನ ಮೈಮ್ಯಾಲ ಸಣ್ಣ ಕುಳಿ ಕಂಡ್ರ ಅದು ಹವಾದಾಗಿನ ತೇವದ ಕೆಲಸ. ಪೆಟ್ಟಿಗಿಯೊಳಗ ಸಿಲಿಕಾ ಜೆಲ್ ಇಡ್ರಿ.

ಖರೇ ತೊಂದರಿ ಎರಡನೇದು. ಹಣಿಗಿ ಬಡಿದ ಇಳಕಲ್ ಸೀರಿಗಿಂತ ಒತ್ತಾಗಿ ನೂಲು ಬಿದ್ದಿರತಾವ, ರಂಧ್ರ ಕೆಲವು ಮೈಕ್ರಾನ್ ಅಷ್ಟ. ಮೂಳೆ ಒಳಗ ಬೆಳೀಬೇಕಾದ್ರ 100 ಮೈಕ್ರಾನ್ ದಾಟಬೇಕು, 300 ಇದ್ರ ರಕ್ತನಾಳಕ್ಕೂ ಅನುಕೂಲ. ಇನ್ನೊಂದು ಸೂಜಿಯಿಂದ ಪಾಲಿಎಥಿಲೀನ್ ಆಕ್ಸೈಡ್ (ಪಿಇಒ) ನೂಲು ಬೆರಸಿ ಆಮ್ಯಾಲ ನೀರಾಗ ಕರಗಿಸಿ ತಗದ್ರ ಜಾಗ ಬಿಡತೈತಿ, ಆದ್ರ ಹಾಸು ಒಂದಿಷ್ಟು ಕುಸೀತೈತಿ, 300 ಅಂತೂ ಮುಟ್ಟಂಗಿಲ್ಲ. ಅಷ್ಟು ಬೇಕಂದ್ರ ಮೆಲ್ಟ್ ಎಲೆಕ್ಟ್ರೋರೈಟಿಂಗ್ (ಕಾಸಿ ಕರಗಿಸಿದ ಪಾಲಿಮರ್ ಎಳೀನ ಬರದಂಗ ಹಾಕೂ ವಿಧಾನ) ಹಿಡೀರಿ: ಪಿಸಿಎಲ್ 60 ಡಿಗ್ರಿಗೆ ಕರಗತೈತಿ, ದ್ರಾವಕನ ಬೇಡ, ಎಳಿ ಎಲ್ಲಿ ಬೀಳಬೇಕು ಅನ್ನೂದು ನಿಮ್ಮ ಕೈಯಾಗ.

ಹಾಂ, ರೋಗಾಣು ಕೊಲ್ಲಾಕ ಹಾಸನ್ನ ಮತ್ತ ಬಿಸಿ ಉಗಿಯ ಆಟೋಕ್ಲೇವ್‌ನಾಗ ಇಟ್ಟಗಿಟ್ಟೀರಿ! 121 ಡಿಗ್ರಿಗೆ ವಾರದ ಕೆಲಸ ಮುದ್ದಿ ಆಗತೈತಿ. ಎಥಿಲೀನ್ ಆಕ್ಸೈಡ್ ಅನಿಲ ಇಲ್ಲಾ ಗಾಮಾ ಕಿರಣದಿಂದ ಮಾಡಸ್ರಿ.