ಕಿಣ್ವ ಹೆಚ್ಚಿಸಿದಷ್ಟೂ ವೇಗ ಹೆಚ್ಚಬೇಕಲ್ವಾ, ನಮ್ಮ ಗ್ರಾಫ್ ಯಾಕೆ ಬಾಗಿತು?

ಪಿಷ್ಟಕ್ಕೆ ಲಾಲಾರಸ (ಪಿಷ್ಟ ಒಡೆಯುವ ಕಿಣ್ವ ಇರುವುದು ಇದರಲ್ಲೇ) ಹಾಕಿ, ಪಿಷ್ಟ ಮುಗಿದು ಅಯೋಡಿನ್ ಹಾಕಿದರೂ ನೀಲಿ ಬಣ್ಣ ಬರದಂತಾಗಲು ಎಷ್ಟು ಹೊತ್ತು ಬೇಕು ಅಂತ ನೋಡಿದ್ದೀರಿ. ಲಾಲಾರಸ ಹೆಚ್ಚಿಸಿದ ಹಾಗೆ ವೇಗದ ಗೆರೆ ಮೊದಲು ನೆಟ್ಟಗೆ ಏರಿ, ಆಮೇಲೆ ಮಲಗಿತು. ಪುಸ್ತಕದಲ್ಲಿ ಮಾತ್ರ ನೇರ ಗೆರೆ. ಪುಸ್ತಕ ಅಲ್ಲೇ ಒಂದು ಷರತ್ತನ್ನೂ ಹಾಕಿರುತ್ತದೆ, ನಾವು ಓದದೇ ದಾಟುತ್ತೇವೆ: ಪಿಷ್ಟ ಧಾರಾಳವಾಗಿರಬೇಕು.

ನಾನು ಮುಧೋಳದ ಕಡೆಯವನು, ಕಬ್ಬಿನ ಲೆಕ್ಕದಲ್ಲೇ ಹೇಳುತ್ತೇನೆ. ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗ್ ಒಂದರ ಬದಲು ಎರಡು ಬಂದರೆ ಕೆಲಸ ಎರಡರಷ್ಟು ವೇಗ. ಹತ್ತು ಗ್ಯಾಂಗ್ ಇಳಿಸಿದರೆ? ಮಧ್ಯಾಹ್ನದೊಳಗೆ ಕಬ್ಬೇ ಖಾಲಿ. ಆಮೇಲೆ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಾರೆ. ಇಡೀ ದಿನದ ಸರಾಸರಿ ತೆಗೆದರೆ ಹತ್ತು ಗ್ಯಾಂಗೂ ಸೋಮಾರಿಗಳ ಹಾಗೆ ಕಾಣುತ್ತವೆ. ಮೊದಲ ತಾಸು ಮಾತ್ರ ಅಳೆದಿದ್ದರೆ ಹತ್ತರಷ್ಟೇ ವೇಗ ಸಿಗುತ್ತಿತ್ತು. ಅಂದ ಹಾಗೆ, ಗ್ಯಾಂಗ್ ಎಷ್ಟೇ ಬರಲಿ, ಎಕರೆಗೆ ಬರುವ ಟನ್ ಹೆಚ್ಚುವುದಿಲ್ಲ. ಕಿಣ್ವವೂ ಹಾಗೇ. ಬೇಗ ಮುಗಿಸುತ್ತದೆ, ಜಾಸ್ತಿ ಕೊಡುವುದಿಲ್ಲ.

ಅದಕ್ಕೇ ಆರಂಭದ ವೇಗವನ್ನು ಅಳೆಯಬೇಕು. 1913ರಲ್ಲಿ ಮೈಕೆಲಿಸ್ ಮತ್ತು ಮೆಂಟೆನ್ ಎಂಬ ವಿಜ್ಞಾನಿಗಳು ಮಾಡಿದ್ದೂ ಅದನ್ನೇ, ಅದೂ ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್ ಎಂಬ ಕಿಣ್ವದ ಮೇಲೆ. ಕಾರ್ಖಾನೆ ಮುಂದೆ ಪಾಳಿ ಹಚ್ಚಿ ನಿಂತ ಟ್ರೇಲರ್‌ಗಳಲ್ಲಿ ಕಬ್ಬು ಒಣಗುತ್ತಾ ರಿಕವರಿ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಬೀಳುತ್ತದಲ್ಲ, ಅದರಲ್ಲಿ ಕಬ್ಬಿನೊಳಗಿನ ಇನ್ವರ್ಟೇಸ್‌ನ ಕೈವಾಡವೂ ಇದೆ. ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಮಾಡಿಬಿಡುತ್ತದೆ.

ಇನ್ನೊಂದು ಗೊಂದಲ ಬಹಳ ಜನರಿಗೆ ಇರುತ್ತದೆ. ಪುಸ್ತಕದಲ್ಲಿ ಬಾಗುವ ಗ್ರಾಫೂ ಒಂದಿದೆ, ಆದರೆ ಅದು ಕಿಣ್ವವನ್ನು ಅಷ್ಟೇ ಇಟ್ಟು ಪಿಷ್ಟ ಹೆಚ್ಚಿಸಿದಾಗಿನದು. ಅಲ್ಲಿ ಕಬ್ಬು ಬೇಕಾದಷ್ಟಿದೆ, ಕಡಿಯುವ ಕೈಗಳೇ ಸಾಲುತ್ತಿಲ್ಲ.

ನಿಮ್ಮ ಪ್ರಯೋಗದಲ್ಲಿ ಇನ್ನೊಂದು ಅನುಮಾನವೂ ನನಗಿದೆ, ಯಾಕಂದರೆ ಡಿಗ್ರಿಯಲ್ಲಿ ನಾನೇ ಹೀಗೆ ಎಡವಿದ್ದೆ. ಅರ್ಧ ನಿಮಿಷಕ್ಕೊಮ್ಮೆ ಹನಿ ತೆಗೆದು ನೋಡುತ್ತಿದ್ದೆ. ಗಟ್ಟಿ ಲಾಲಾರಸದ ಮೂರು ಟ್ಯೂಬ್‌ಗಳೂ ಮೊದಲ ಹನಿಯಲ್ಲೇ ಮುಗಿದಿದ್ದವು. ಒಂದು ಹತ್ತು ಸೆಕೆಂಡಿಗೆ ಮುಗಿಸಿತ್ತೋ, ಇನ್ನೊಂದು ಇಪ್ಪತ್ತೈದಕ್ಕೋ, ನನ್ನ ಪಟ್ಟಿಯಲ್ಲಿ ಮಾತ್ರ ಎಲ್ಲಕ್ಕೂ ಮೂವತ್ತು. ಗೆರೆ ಮಲಗದೆ ಏನು ಮಾಡೀತು!

ಲಾಲಾರಸವನ್ನು ಇನ್ನೂ ತೆಳು ಮಾಡಿ. ಅತಿ ವೇಗದ ಟ್ಯೂಬ್‌ಗೂ ಎರಡು ನಿಮಿಷವಾದರೂ ಹಿಡಿಯಲಿ. ಎಲ್ಲ ಟ್ಯೂಬ್‌ಗಳ ಉಷ್ಣತೆ ಒಂದೇ ಇರಲಿ. ಗ್ರಾಫ್‌ನಲ್ಲಿ ಸಮಯವನ್ನು ಸುಮ್ನೆ ಹಾಗೇ ಹಾಕಬೇಡಿ, ಒಂದನ್ನು ಸಮಯದಿಂದ ಭಾಗಿಸಿ ಹಾಕಿ, ವೇಗದ ಅಳತೆ ಅದೇ.