ಪಿಸ್ತೂಲು ತಗೊಳ್ಳಲಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ನೀನು ಹ್ಯೂಸ್ಟನ್‌ಗೆ ಬಂದು ಇನ್ನೂ ಮೂರು ತಿಂಗಳಾಗಿಲ್ಲ. ಅಷ್ಟರಲ್ಲೇ ಪಕ್ಕದ ರಸ್ತೆಯಲ್ಲಿ ನಮ್ಮವರ ಎರಡು ಮನೆ ಒಡೆದು ಚಿನ್ನ ಕದ್ದಿದ್ದಾರೆ, ಹೆಂಡತಿ ಹೆದರಿದ್ದಾಳೆ. "ಅಣ್ಣಾ, ನೀವು ಕೊಡಗಿನವರು, ಕೋವಿ ನೋಡುತ್ತಾ ಬೆಳೆದವರು. ಒಂದು ಪಿಸ್ತೂಲು ತಗೊಳ್ಳಲಾ?" ಅಂತ ಕೇಳಿದ್ದೀಯ. ಜೊತೆಗೆ ಕಾರಿನ ಇನ್ಶೂರೆನ್ಸು, ಮಗಳ ಶಾಲೆ. ಇನ್ಶೂರೆನ್ಸ್ ನಾಲ್ಕು ಕಡೆ ವಿಚಾರಿಸಿ ತಗೋ. ಸರ್ಕಾರಿ ಶಾಲೆ ಮನೆ ವಿಳಾಸ ನೋಡಿ ಕೊಡುತ್ತಾರೆ, ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ವಿಚಾರಿಸು. ಪಿಸ್ತೂಲಿನ ವಿಷಯ ಮಾತ್ರ ಕೂತು ಬರೆಯುತ್ತೇನೆ.

ನೀನು ಕೆಲಸಕ್ಕೆಂದು ಕೊಡುವ ಎಚ್-1ಬಿ ವೀಸಾದಲ್ಲಿದ್ದೀಯ. ಈ ವೀಸಾದವರು ಬಂದೂಕು ಕೊಳ್ಳುವುದಿರಲಿ, ಇಟ್ಟುಕೊಳ್ಳುವುದೂ ಇಲ್ಲಿನ ಕೇಂದ್ರ ಕಾನೂನಿನಲ್ಲಿ ಅಪರಾಧ. ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ ಅಂತ ಆಫೀಸಿನಲ್ಲಿ ಯಾರಾದರೂ ಹೇಳುತ್ತಾರೆ. ಇದೆ, ನಿಜ. ಆದರೆ ವಕೀಲರನ್ನು ಕೇಳದೆ ಆ ದಾರಿ ಹಿಡಿಯಬೇಡ. ಅಂಗಡಿಯಲ್ಲಿ ಕೊಡುವ 4473 ಫಾರಂನಲ್ಲಿ ವೀಸಾ ಬಗ್ಗೆ ನೇರವಾಗಿ ಕೇಳಿರುತ್ತದೆ, ಸುಳ್ಳು ಬರೆದರೆ ಅದೇ ಇನ್ನೊಂದು ಕೇಸು. ಗೆಳೆಯನ ಪಿಸ್ತೂಲು ತಂದಿಟ್ಟುಕೊಂಡರೂ ತಪ್ಪೇ. 2021ರ ಸೆಪ್ಟೆಂಬರ್‌ನಿಂದ ನಮ್ಮ ಈ ಟೆಕ್ಸಾಸ್ ರಾಜ್ಯದಲ್ಲಿ ಪಿಸ್ತೂಲು ಜೊತೆಗೆ ಒಯ್ಯಲು ಪರ್ಮಿಟ್ಟೇ ಬೇಡ ಅಂತಾರಲ್ಲ, ಅದು ಬಂದೂಕು ಇಟ್ಟುಕೊಳ್ಳುವ ಹಕ್ಕು ಇರುವವರಿಗೆ.

ಗ್ರೀನ್ ಕಾರ್ಡ್ ಬಂದ ವರ್ಷವೇ ನಾನು ಪಿಸ್ತೂಲು ಕೊಂಡೆ. ಹೆದರಿಕೆಗಿಂತ ಹೆಮ್ಮೆ ಜಾಸ್ತಿ ಇತ್ತು. ಬ್ರಿಟಿಷರ ಕಾಲದಿಂದ ಕೊಡವರಿಗೆ ಕೋವಿ ಲೈಸೆನ್ಸ್ ಬೇಡ, ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದ್ದಾರೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡಿದವನು ನಾನು, ನನಗೆ ಇವರೇನು ಕಲಿಸುತ್ತಾರೆ ಅಂದುಕೊಂಡಿದ್ದೆ.

ಆದರೆ ನಮ್ಮ ಮನೆಯಲ್ಲಿ ಕೋವಿ ಇರುತ್ತಿದ್ದದ್ದು ಗೋಡೆಯ ಮೇಲೆ. ತೋಟಾ, ಅಂದರೆ ಗುಂಡು, ಅವ್ವನ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ. ಬೀಗದ ಕೈ ಅವ್ವನ ಸೊಂಟದಲ್ಲಿ. ಗದ್ದೆಗೆ ಹಂದಿ ನುಗ್ಗಿದ ರಾತ್ರಿ ಅಪ್ಪ ಅವ್ವನನ್ನು ಎಬ್ಬಿಸಲೇಬೇಕಿತ್ತು. ಇಬ್ಬರಿಗೂ ಎಚ್ಚರವಾಗದೆ ಆ ಮನೆಯಲ್ಲಿ ಗುಂಡು ಹಾರುತ್ತಿರಲಿಲ್ಲ. ನಾನು ಇಲ್ಲಿ ಗುಂಡು ತುಂಬಿದ ಪಿಸ್ತೂಲನ್ನು ಮಂಚದ ಪಕ್ಕದ ಡ್ರಾಯರ್‌ನಲ್ಲಿ ಇಟ್ಟೆ.

ಊರಿಂದ ಅಪ್ಪ ನಮ್ಮ ಮನೆಗೆ ಬಂದ ಮೂರನೇ ರಾತ್ರಿ, ಅಡುಗೆಮನೆಯಲ್ಲಿ ಡಬ್ಬಿ ಸದ್ದಾಯಿತು. ನಿದ್ದೆಗಣ್ಣಿನಲ್ಲಿ ಅಪ್ಪ ಬಂದಿರುವುದೇ ನೆನಪಾಗಲಿಲ್ಲ. ಕತ್ತಲ ಪ್ಯಾಸೇಜಿನಲ್ಲಿ ಪಿಸ್ತೂಲು ಎತ್ತಿ ಹಿಡಿದು ನಿಂತಿದ್ದೆ. ಬೆರಳು ಎಲ್ಲಿತ್ತು ಅನ್ನುವುದು ಇವತ್ತಿಗೂ ಗೊತ್ತು. ಅಷ್ಟರಲ್ಲಿ ಫ್ರಿಜ್ ಬಾಗಿಲು ತೆರೆಯಿತು. ಆ ಬೆಳಕಿನಲ್ಲಿ ಅಪ್ಪನ ಮಂಕಿ ಕ್ಯಾಪ್ ಕಂಡಿತು. ಹಗಲು ರಾತ್ರಿ ಅದಲುಬದಲಾಗಿ, ನಿದ್ದೆ ಬಾರದೆ ಕಾಫಿಪುಡಿ ಹುಡುಕುತ್ತಿದ್ದರು.

ನಾನು ತಪ್ಪಾಯಿತು ಅನ್ನಲಿಲ್ಲ. "ಲೈಟ್ ಹಾಕೋಕೆ ಏನಾಗಿತ್ತು ನಿಮಗೆ?" ಅಂತ ರೇಗಿದೆ. ಬೆಳಿಗ್ಗೆ ಅಪ್ಪ ಒಂದೇ ಮಾತು ಕೇಳಿದರು, "ತೋಟಾ ಎಲ್ಲಿ ಇಡುತ್ತೀಯ?" ಅದರೊಳಗೇ ಅಂದೆ. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ಮತ್ತೆ ಅಮೆರಿಕಕ್ಕೆ ಬರಲೂ ಇಲ್ಲ. ಅವರು ತೀರಿಕೊಂಡಾಗ ಪದ್ಧತಿಯಂತೆ ಮನೆ ಅಂಗಳದಲ್ಲಿ ಎರಡು ಗುಂಡು ಹಾರಿಸಿದರು. ನಾನು ಅದನ್ನು ಫೋನಿನಲ್ಲಿ ಕೇಳಿದೆ.

ಇಲ್ಲಿ ಈ ಜಗಳ ಮುಗಿಯುವಂಥದ್ದಲ್ಲ. 2022ರಲ್ಲಿ ಟೆಕ್ಸಾಸ್‌ನದೇ ಯುವಾಲ್ಡಿ ಊರಿನ ಶಾಲೆಯಲ್ಲಿ ಗುಂಡಿನ ದಾಳಿಗೆ 19 ಮಕ್ಕಳು, ಇಬ್ಬರು ಟೀಚರ್‌ಗಳು ಹೋದ ಮೇಲೆ ನಮ್ಮ ಆಫೀಸಿನಲ್ಲಿ ಒಬ್ಬರು ಇದ್ದ ಬಂದೂಕು ಮಾರಿದರು, ಇನ್ನೊಬ್ಬರು ಹೊಸದು ಕೊಂಡರು. ಮಕ್ಕಳಿಗೋಸ್ಕರ ಅಂತಲೇ ಇಬ್ಬರೂ ಹೇಳಿದರು. ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಈ ದೇಶದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮಗೆ ತಾವೇ ಹೊಡೆದುಕೊಂಡವರು. ಕಳ್ಳನಿಗಿಂತ ಮೊದಲು ಅದು ಮನೆಯವರ ಕೈಗೆ ಸಿಗುತ್ತದೆ, ಅಲ್ವಾ? ನನ್ನ ಪಿಸ್ತೂಲು ಈಗ ಉಕ್ಕಿನ ಪೆಟ್ಟಿಗೆಯಲ್ಲಿದೆ. ತೋಟಾ ಬೇರೆ ಕಡೆ, ಅದರ ಕೀ ಹೆಂಡತಿ ಹತ್ತಿರ.

ನೀನು ಈ ವಾರವೇ ಚಿನ್ನವನ್ನೆಲ್ಲ ಬ್ಯಾಂಕ್ ಲಾಕರ್‌ಗೆ ಹಾಕು. ಕಳ್ಳರು ನಮ್ಮವರ ಮನೆ ಹುಡುಕಿಕೊಂಡು ಬರುವುದೇ ಅದಕ್ಕೆ. ಅಲಾರಂ ಹಾಕಿಸು. ಬೇಸಿಗೆಗೆ ನಿನ್ನ ಅಪ್ಪ ಅಮ್ಮ ಬರುತ್ತಾರೆ ಅಂದೆಯಲ್ಲ, ಪ್ಯಾಸೇಜಿಗೆ ಒಂದು ನೈಟ್ ಲ್ಯಾಂಪ್ ಸಿಕ್ಕಿಸು. ಮೊದಲ ವಾರ ಮೂರು ಗಂಟೆಗೇ ಎದ್ದು ಓಡಾಡುತ್ತಾರೆ. ಕಾಫಿಪುಡಿ ಡಬ್ಬಿ ಎಲ್ಲಿದೆ ಅಂತ ಬಂದ ದಿನವೇ ತೋರಿಸಿಬಿಡು.