ನಿಮ್ಮ ನೌಕೆ ಬೆಳಕನ್ನು ಹಿಂದಿಕ್ಕಬಹುದೇ?

ನೀವು ಕೇಳಿದ್ದು ಇಷ್ಟು: ನಿಮ್ಮ ವಿಜ್ಞಾನ ಕಥೆಯಲ್ಲಿ ಬೆಂಗಳೂರಿನವಳೊಬ್ಬಳು ನೌಕೆ ಹತ್ತಿ 40 ಜ್ಯೋತಿರ್ವರ್ಷ ದೂರದ, ಅಂದರೆ ಬೆಳಕಿಗೇ 40 ವರ್ಷ ಹಿಡಿಯುವಷ್ಟು ದೂರದ, ನಕ್ಷತ್ರವನ್ನು ಒಂದೇ ವಾರದಲ್ಲಿ ತಲುಪುತ್ತಾಳೆ. ಇದು ಬರೀ ಸುಳ್ಳು ಎಂದು ಗೆಳೆಯರು ಹೇಳುತ್ತಿದ್ದಾರೆ. ಮುಂದೊಂದು ದಿನ ಬಲವಾದ ಎಂಜಿನ್ ಬಂದರೆ ಏಕಾಗಬಾರದು ಎಂಬುದು ನಿಮ್ಮ ವಾದ.

ಬೆಂಗಳೂರಿನಲ್ಲಿ ಇಪ್ಪತ್ತೆರಡು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದವನು ನಾನು. ಈ ಪ್ರಶ್ನೆ ವರ್ಷಕ್ಕೊಮ್ಮೆಯಾದರೂ ತರಗತಿಯಲ್ಲಿ ಎದ್ದೇ ಏಳುತ್ತಿತ್ತು, ಎದ್ದಾಗಲೆಲ್ಲ ಆ ದಿನದ ಪಾಠವನ್ನು ಬದಿಗಿಟ್ಟಿದ್ದೇನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ಎಷ್ಟೇ ಬಲವಾದರೂ ಬೆಳಕನ್ನು ಹಿಂದಿಕ್ಕಲಾಗದು. ಅಡ್ಡ ನಿಂತಿರುವುದು ಎಂಜಿನ್ನಿನ ಬಡತನವಾಗಿದ್ದರೆ ಎಂದಾದರೂ ದಾಟಬಹುದಿತ್ತು. ಅಡ್ಡ ನಿಂತಿರುವುದು ಮೊದಲು ಕಾರಣ, ಆಮೇಲೆ ಪರಿಣಾಮ ಎಂಬ ಕ್ರಮ.

ಎಂಜಿನ್ನಿನ ಮಾತನ್ನು ಬೇಗ ಮುಗಿಸುತ್ತೇನೆ. ಜಿನೀವಾ ಬಳಿ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳನ್ನು ಓಡಿಸುತ್ತಾರೆ. ಅವುಗಳ ವೇಗ ಬೆಳಕಿನ ವೇಗಕ್ಕಿಂತ ಸೆಕೆಂಡಿಗೆ ಸುಮಾರು 3 ಮೀಟರ್ ಮಾತ್ರ ಕಡಿಮೆ. ಲಾಲ್‌ಬಾಗ್‌ನಲ್ಲಿ ಬೆಳಗ್ಗೆ ಓಡುವವರು ಆ 3 ಮೀಟರನ್ನು ಸಲೀಸಾಗಿ ಓಡುತ್ತಾರೆ. ಪ್ರೋಟಾನಿಗೆ ಎಷ್ಟು ಶಕ್ತಿ ಸುರಿದರೂ ಆ ಕೊನೆಯ 3 ಮೀಟರ್ ತುಂಬುವುದಿಲ್ಲ. ಸುರಿದ ಶಕ್ತಿ ಅದರೊಳಗೆ ಸೇರುತ್ತಲೇ ಇರುತ್ತದೆ, ವೇಗ ಮಾತ್ರ ಗಡಿಗೆ ಇನ್ನೊಂದು ಕೂದಲೆಳೆ ಹತ್ತಿರವಾಗಿ ನಿಲ್ಲುತ್ತದೆ.

ಈಗ ನನಗೆ ನಿಜವಾಗಿ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. 'ಬೆಳಕಿನ ವೇಗ' ಎಂಬ ಹೆಸರು ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಸೆಕೆಂಡಿಗೆ 2,99,792 ಕಿಲೋಮೀಟರ್ ಎಂಬುದು ಯಾವುದೇ ಸುದ್ದಿಯ ಗರಿಷ್ಠ ವೇಗ. 2014ರ ಸೆಪ್ಟೆಂಬರ್ 24ರ ಬೆಳಗ್ಗೆ ನಾವೆಲ್ಲ ಟಿವಿ ಮುಂದೆ ಕುಳಿತಿದ್ದು ನೆನಪಿದೆಯೇ? ಮಂಗಳಯಾನ ನೌಕೆ ಮಂಗಳನ ಕಕ್ಷೆಗೆ ಇಳಿಯಬೇಕಿತ್ತು. ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ವಿಜ್ಞಾನಿಗಳು ಪರದೆ ನೋಡುತ್ತಾ ಕುಳಿತಿದ್ದರು. ಎಂಜಿನ್ ಉರಿದು, ಆರಿ, ಗೆದ್ದೋ ಸೋತೋ ಆಗಿಹೋಗಿತ್ತು, ಅದರ ಸುದ್ದಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಮಂಗಳ ಅಂದು ಸುಮಾರು 22 ಕೋಟಿ ಕಿಲೋಮೀಟರ್ ದೂರದಲ್ಲಿತ್ತು, ಸುದ್ದಿ ಬರಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಬೇಕಿತ್ತು. ಕಾಫಿ ಲೋಟ ಕೈಯಲ್ಲಿ ಹಿಡಿದು ನಾನು ಕಾದ ಆ ನಿಮಿಷಗಳಲ್ಲಿ, ಇಪ್ಪತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದ ಆ ಅಂಕಿ ಮೊದಲ ಬಾರಿಗೆ ಮೈಗೆ ತಾಗಿತು.

ಸುದ್ದಿ ಇದಕ್ಕಿಂತ ವೇಗವಾಗಿ ಹೋದರೆ ಏನಾಗುತ್ತದೆ? ನಿಮ್ಮ ನಾಯಕಿಯನ್ನೇ ತೆಗೆದುಕೊಳ್ಳೋಣ. ಅವಳ ನೌಕೆ ಬೆಳಕಿನ ವೇಗದ ಶೇಕಡ 80ರಲ್ಲಿ ಹೋಗುತ್ತಿದೆ ಎನ್ನಿ. ಅವಳ ಬಳಿಯೂ, ಬಸವನಗುಡಿಯ ಮನೆಯಲ್ಲಿರುವ ತಮ್ಮನ ಬಳಿಯೂ, ಕಳುಹಿಸಿದ ಕ್ಷಣವೇ ಸಂದೇಶ ತಲುಪಿಸುವ ಫೋನ್ ಇದೆ. ನೌಕೆ ಹೊರಟ 25ನೇ ದಿನ ಅಮ್ಮ ಬಚ್ಚಲಮನೆಯಲ್ಲಿ ಜಾರಿ ಬೀಳುತ್ತಾರೆ. ತಮ್ಮ ತಕ್ಷಣ ತಿಳಿಸುತ್ತಾನೆ. ಈ ವೇಗದಲ್ಲಿ ಓಡುವ ಗಡಿಯಾರ ನಮ್ಮ ಒಂದು ದಿನಕ್ಕೆ 0.6 ದಿನವಷ್ಟೇ ಮುಂದೆ ಹೋಗುತ್ತದೆ, ಆದ್ದರಿಂದ ಸಂದೇಶ ತಲುಪಿದಾಗ ಅಕ್ಕನ ಗಡಿಯಾರದಲ್ಲಿ 15ನೇ ದಿನ. ಅವಳೂ ತಡಮಾಡದೆ ಉತ್ತರಿಸುತ್ತಾಳೆ: "ಅಮ್ಮನನ್ನು ಬಚ್ಚಲಿಗೆ ಒಬ್ಬರನ್ನೇ ಕಳುಹಿಸಬೇಡ."

ಎಲ್ಲರೂ ಎಡವುವುದು ಇಲ್ಲಿಯೇ, ನಿಧಾನವಾಗಿ ಓದಿ. ನಮಗೆ ಓಡುತ್ತಿರುವುದು ಅವಳ ನೌಕೆ. ಅವಳಿಗೆ ತಾನು ನಿಂತಲ್ಲೇ ಇದ್ದೇನೆ, ಓಡುತ್ತಿರುವುದು ಭೂಮಿ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಇಬ್ಬರ ಮಾತೂ ಒಂದೇ ತೂಕದ್ದು. ಹಾಗಾಗಿ ಅವಳ 15ನೇ ದಿನಕ್ಕೆ ಅವಳ ಲೆಕ್ಕದಲ್ಲಿ ಭೂಮಿಯ ಗಡಿಯಾರ 15ರ 0.6ರಷ್ಟು, ಅಂದರೆ 9 ದಿನವನ್ನಷ್ಟೇ ತೋರಿಸುತ್ತದೆ. ಉತ್ತರ ಬಸವನಗುಡಿಗೆ ಬಂದು ಸೇರುವುದು 9ನೇ ದಿನ. ಅಮ್ಮ ಬೀಳುವುದಕ್ಕೆ ಹದಿನಾರು ದಿನ ಮೊದಲು! ಮನೆಯವರು ಎಚ್ಚರ ವಹಿಸುತ್ತಾರೆ, ಅಮ್ಮ ಬೀಳುವುದಿಲ್ಲ. ಹಾಗಾದರೆ ತಮ್ಮ ಯಾವ ಸುದ್ದಿ ಕಳುಹಿಸಿದ? ಅಕ್ಕ ಯಾವುದಕ್ಕೆ ಉತ್ತರ ಬರೆದಳು?

ಫೋನ್ ಕ್ಷಣಮಾತ್ರದಲ್ಲಿ ಮುಟ್ಟಿಸಬೇಕೆಂದೇನೂ ಇಲ್ಲ. ಇಬ್ಬರ ಫೋನೂ ಬೆಳಕಿಗಿಂತ ತುಸುವೇ ವೇಗವಾಗಿದ್ದರೂ ಸಾಕು, ನೌಕೆಯ ವೇಗವನ್ನು ತಕ್ಕಂತೆ ಆರಿಸಿಕೊಂಡರೆ ಇದೇ ಗೋಜಲು ಹುಟ್ಟುತ್ತದೆ. ಸಂದೇಶದ ಬದಲು ನೌಕೆಯೇ ಹಾಗೆ ಓಡಾಡಿದರೂ ಅಷ್ಟೇ.

ಈ ಗಡಿಯಾರದ ಲೆಕ್ಕವನ್ನು ಬರೀ ಕಾಗದದ ಮೇಲಿನದೆಂದು ತಳ್ಳಿಹಾಕಬೇಡಿ. ವಾತಾವರಣದ ಮೇಲ್ಭಾಗದಲ್ಲಿ ಹುಟ್ಟುವ ಮ್ಯೂಆನ್ ಕಣದ ಸರಾಸರಿ ಆಯುಷ್ಯ ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ. ಆ ಆಯುಷ್ಯದಲ್ಲಿ ಅದು 700 ಮೀಟರ್ ದಾಟುವುದರೊಳಗೆ ಮುಗಿದುಹೋಗಬೇಕು. ಆದರೆ ಅದರ ಗಡಿಯಾರ ನಮ್ಮ ಲೆಕ್ಕದಲ್ಲಿ ನಿಧಾನವಾಗಿರುವುದರಿಂದ ಹತ್ತು ಹದಿನೈದು ಕಿಲೋಮೀಟರ್ ಇಳಿದು ನೆಲ ಮುಟ್ಟುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿಯೂ ವಿಜ್ಞಾನಿಗಳು ಮ್ಯೂಆನುಗಳನ್ನು ಎಣಿಸಿದ್ದಾರೆ.

ಕಳ್ಳದಾರಿಗಳಿಲ್ಲವೇ ಎಂದು ನೀವು ಕೇಳಬಹುದು. ಟ್ಯಾಕಿಯಾನ್ ಕಥೆ ನಮಗೆ ಹತ್ತಿರದ್ದು. ಬೆಳಕಿಗಿಂತ ವೇಗದ ಕಣಗಳು ಇರಬಹುದೇ ಎಂದು 1962ರಲ್ಲಿಯೇ ಗಂಭೀರವಾಗಿ ಲೆಕ್ಕ ಹಾಕಿದವರಲ್ಲಿ ಭೌತವಿಜ್ಞಾನಿ ಇ.ಸಿ.ಜಿ. ಸುದರ್ಶನ್ ಒಬ್ಬರು. ಮುಂದೆ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಕಟ್ಟಿದವರು ಅವರೇ. ಆ ಕಣ ಇದುವರೆಗೆ ಸಿಕ್ಕಿಲ್ಲ. ಸಿಕ್ಕರೂ ನಿಮ್ಮ ನೌಕೆಗೆ ಉಪಯೋಗವಿಲ್ಲ, ಏಕೆಂದರೆ ಅದು ಹುಟ್ಟಿನಿಂದಲೇ ಗಡಿಯ ಆಚೆ ಇರುವಂಥದ್ದು. ಈಚೆಯವರು ಆಚೆ ಹೋಗುವ ಬಾಗಿಲು ಆ ಲೆಕ್ಕದಲ್ಲಿಯೂ ಇಲ್ಲ.

1994ರಲ್ಲಿ ಮೆಕ್ಸಿಕೋದ ಭೌತವಿಜ್ಞಾನಿ ಮಿಗೆಲ್ ಅಲ್‌ಕುಬಿಯೆರೆ ತೋರಿಸಿದ ದಾರಿ ನನಗೆ ಬಹಳ ಇಷ್ಟ. ನೌಕೆ ಒಂದು ಗುಳ್ಳೆಯಂಥ ಜಾಗದೊಳಗೆ ಸುಮ್ಮನಿರುತ್ತದೆ, ಗುಳ್ಳೆಯ ಮುಂದಿರುವ ಖಾಲಿ ಜಾಗವೇ ಕುಗ್ಗುತ್ತದೆ, ಹಿಂದಿನದು ಹಿಗ್ಗುತ್ತದೆ. ಐನ್‌ಸ್ಟೈನರ ಸಮೀಕರಣಗಳು ಇದಕ್ಕೆ ಬೇಡ ಎನ್ನುವುದಿಲ್ಲ. ಆದರೆ ಇದಕ್ಕೆ ಬೇಕಾದದ್ದು ಋಣಾತ್ಮಕ ಶಕ್ತಿ, ಅಂದರೆ ಖಾಲಿ ಜಾಗಕ್ಕಿಂತಲೂ ಕಡಿಮೆ ಶಕ್ತಿ, ಅದೂ ಊಹೆಗೆ ನಿಲುಕದಷ್ಟು ಪ್ರಮಾಣದಲ್ಲಿ. ಬೆಳಕಿನ ವೇಗ ದಾಟಿದ ಮೇಲೆ ಒಳಗಿರುವವರ ಯಾವ ಸೂಚನೆಯೂ ಗುಳ್ಳೆಯ ಮುಂಭಾಗವನ್ನು ಮುಟ್ಟುವುದಿಲ್ಲ, ತಾವಾಗಿ ನಿಲ್ಲಿಸುವಂತಿಲ್ಲ. ಮೇಲಿನ ಅಮ್ಮನ ಗೋಜಲು ಇಲ್ಲಿಯೂ ತಪ್ಪುವುದಿಲ್ಲ. ದೂರದ ಎರಡು ಜಾಗಗಳನ್ನು ಜೋಡಿಸುವ ಊಹೆಯ ಸುರಂಗವಾದ ವರ್ಮ್‌ಹೋಲ್‌ಗೂ ಇದೇ ಪಾಡು.

ಎಷ್ಟೇ ದೂರವಿದ್ದರೂ ಒಂದರ ಅಳತೆ ಇನ್ನೊಂದರದಕ್ಕೆ ಹೊಂದಿಕೊಂಡಿರುವ ಕ್ವಾಂಟಂ ಜೋಡಿ ಕಣಗಳನ್ನು ದಯವಿಟ್ಟು ಫೋನಿನಂತೆ ಬಳಸಬೇಡಿ, ಅವುಗಳಿಂದ ಒಂದಕ್ಷರದ ಸುದ್ದಿಯನ್ನೂ ಕಳುಹಿಸಲಾಗದು.

2011ರಲ್ಲಿ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯದಲ್ಲಿ ನ್ಯೂಟ್ರಿನೊ ಎಂಬ ಅತಿ ಹಗುರ ಕಣಗಳು 730 ಕಿಲೋಮೀಟರ್ ದಾರಿಯನ್ನು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ಮುಗಿಸಿದಂತೆ ಕಂಡಿತು. ಮರುದಿನ ನನ್ನ ತರಗತಿಯೆಲ್ಲ ಪತ್ರಿಕೆ ಹಿಡಿದು ನಿಂತಿತ್ತು. ನಾನೂ ರಾತ್ರಿ ನಿದ್ದೆ ಮಾಡಿರಲಿಲ್ಲ. ಕೆಲವು ತಿಂಗಳ ನಂತರ ಮುಖ್ಯ ಕಾರಣ ತಿಳಿಯಿತು: ಒಂದು ಫೈಬರ್ ಕೇಬಲ್ ಸರಿಯಾಗಿ ಕೂತಿರಲಿಲ್ಲ. ತಮಗೇ ನಂಬಲಾಗದ ಫಲಿತಾಂಶವನ್ನು ಎಲ್ಲರ ಮುಂದಿಟ್ಟು, ತಪ್ಪು ಹುಡುಕಿಕೊಡಿ ಎಂದು ಕೇಳಿದ ಆ ವಿಜ್ಞಾನಿಗಳ ಮೇಲೆ ನನಗೆ ಇಂದಿಗೂ ಗೌರವವಿದೆ.

ನಿಮ್ಮ ಕಥೆಗೆ ನಾನು ಹೇಳುವುದು ಇದು. ಬೆಳಕನ್ನು ದಾಟಿಸಲೇಬೇಕೆಂದಿದ್ದರೆ ದಾಟಿಸಿ, ಆದರೆ ಹೊಸ ಎಂಜಿನ್ನಿನ ಹೆಸರು ಹೇಳಿ ಮುಂದೆ ಹೋಗಬೇಡಿ. ಕಾರಣಕ್ಕಿಂತ ಮೊದಲು ಬಂದ ಆ ಉತ್ತರವನ್ನೇ ಕಥೆಯಾಗಿ ಬರೆಯಿರಿ. ಇಲ್ಲವೇ ಗಡಿಯ ಈಚೆಗೇ ಇದ್ದು ನೋಡಿ. ಬೆಳಕಿನ ವೇಗದ ಶೇಕಡ 99.99ರಲ್ಲಿ ಹೋದರೆ ನಿಮ್ಮ 40 ಜ್ಯೋತಿರ್ವರ್ಷದ ಪ್ರಯಾಣ ನಾಯಕಿಯ ಪಾಲಿಗೆ ಏಳು ತಿಂಗಳೊಳಗೆ ಮುಗಿಯುತ್ತದೆ. ಇದೂ ಸುಲಭವಲ್ಲ: ಆ ವೇಗ ಮುಟ್ಟಲು ನೌಕೆಯ ಒಂದೊಂದು ಕಿಲೋಗೆ ಹೆಚ್ಚುಕಡಿಮೆ ಇಡೀ ಭಾರತ ಒಂದು ವರ್ಷದಲ್ಲಿ ಉತ್ಪಾದಿಸುವ ವಿದ್ಯುತ್ತಿನಷ್ಟು ಶಕ್ತಿ ಬೇಕು. ಆದರೆ ಪ್ರಕೃತಿಯ ಯಾವ ನಿಯಮವೂ ಬೇಡ ಎನ್ನುವುದಿಲ್ಲ. ಹೋಗಿ ಬರುವಷ್ಟರಲ್ಲಿ ಅವಳಿಗೆ ಸುಮಾರು ಹದಿನಾಲ್ಕು ತಿಂಗಳು ವಯಸ್ಸಾಗಿರುತ್ತದೆ, ಬೆಂಗಳೂರಿನಲ್ಲಿ 80 ವರ್ಷ ಕಳೆದಿರುತ್ತದೆ. ಬಸವನಗುಡಿಯ ಆ ಮನೆಯ ಬಾಗಿಲನ್ನು ಅವಳು ಬಡಿದಾಗ ಒಳಗಿನಿಂದ ಯಾರು ಬಂದು ತೆರೆಯುತ್ತಾರೆ ಎಂಬಲ್ಲಿಂದ ನಾನಾಗಿದ್ದರೆ ಬರೆಯಲು ಶುರುಮಾಡುತ್ತಿದ್ದೆ.